ಯಾಕೋ ಸರಿ ಬರ್ತಿಲ್ಲ

ಹೋದ ತಿಂಗಳು ಒಬ್ಬ ಹುಡುಗಿ ನನ್ನನ್ನು ನೋಡಲು ಬಂದಿದ್ದಳು. ಡಿಸೈನ್ ಓದುತ್ತಿದ್ದಾಳೆ, ಕೊನೆಯ ವರ್ಷ. ಗಾಂಧಿ ಬಜಾರಿನ ಹತ್ತಿರ ಒಂದು ಹಳೆಯ ಮನೆಯ ಮಹಡಿ ಮೇಲೆ ನನ್ನ ಕೆಲಸದ ಕೋಣೆ ಇದೆ. ಮಧ್ಯಾಹ್ನದ ಬಿಸಿಲಲ್ಲಿ ಬಂದವಳು ನೀರು ಕುಡಿದಳು, ಕಾಫಿ ಕುಡಿದಳು, ಗೋಡೆಗೆ ಅಂಟಿಸಿದ್ದ ಪುಸ್ತಕದ ಮುಖಪುಟಗಳನ್ನೆಲ್ಲ ನಿಧಾನವಾಗಿ ನೋಡಿದಳು. ಆಮೇಲೆ ಬ್ಯಾಗಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು.

ಹಾಳೆಯಲ್ಲಿ 40 ಪದಗಳಿದ್ದವು. ಎಲ್ಲವೂ ಮನುಷ್ಯರ ಗುಣಗಳು. ಕಲ್ಪನೆ, ಹಠ, ಧೈರ್ಯ, ಕುತೂಹಲ, ತಾಳ್ಮೆ, ಶಿಸ್ತು, ಸ್ವಂತಿಕೆ, ಹೊಂದಾಣಿಕೆ, ಹೀಗೆ ಸಾಲಾಗಿ. ಪ್ರತಿ ಪದದ ಮುಂದೆ ಒಂದು ಸಣ್ಣ ಚೌಕ.

"ಮೇಡಂ, ಇದರಲ್ಲಿ 5ಕ್ಕೆ ಟಿಕ್ ಹಾಕಿ. ಕ್ರಿಯೇಟಿವ್ ಕೆಲಸ ಮಾಡೋರಿಗೆ ಯಾವ ಗುಣ ಇರಬೇಕು ಅಂತ ಕೇಳ್ತಿಲ್ಲ. ನಿಮ್ಮಲ್ಲೇ ಇರೋ ಯಾವ ಗುಣಕ್ಕೆ ನೀವು ಬೆಲೆ ಕೊಡ್ತೀರ, ಅದನ್ನ ಹೇಳಿ" ಅಂದಳು.

ಪೆನ್ನು ಹಿಡಿದು ಕೂತೆ. ಹತ್ತು ನಿಮಿಷ ಆಯಿತು. ಒಂದಕ್ಕೂ ಟಿಕ್ ಹಾಕಲು ಆಗಲಿಲ್ಲ.

ನಾಚಿಕೆ ಒಂದು ಕಾರಣ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಾರದು ಅಂತ ಹೇಳಿಸಿಕೊಂಡೇ ಬೆಳೆದವರು ನಾವು. ಮನೆಗೆ ಬಂದವರು "ನಿಮ್ಮ ಮಗಳು ಎಷ್ಟು ಚೆನ್ನಾಗಿ ಚಿತ್ರ ಬಿಡಿಸ್ತಾಳೆ" ಅಂದರೆ ಅಮ್ಮ ತಕ್ಷಣ "ಅಯ್ಯೋ, ಸುಮ್ನೆ ಏನೋ ಗೀಚ್ತಾಳೆ" ಅನ್ನುತ್ತಿದ್ದಳು. ಅದರಲ್ಲಿ ಪ್ರೀತಿಯಿತ್ತು, ದೃಷ್ಟಿ ತಾಗಬಾರದು ಅನ್ನುವ ಭಯವೂ ಇತ್ತು. ಆದರೆ ಬರೀ ನಾಚಿಕೆ ಆಗಿದ್ದರೆ ಅದನ್ನು ಪಕ್ಕಕ್ಕಿಟ್ಟು ಟಿಕ್ ಹಾಕಬಹುದಿತ್ತು. ಆ 40 ಪದಗಳಲ್ಲಿ ನನಗೆ ಬೇಕಾದ ಪದವೇ ಇರಲಿಲ್ಲ. ಬೇಕಾದ ಪದ ಯಾವುದು ಅಂತ ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ.

"ಒಂದು ವಾರ ಟೈಮ್ ಕೊಡಮ್ಮ" ಅಂದೆ. ಅವಳು ನಕ್ಕು, ಹಾಳೆ ಬಿಟ್ಟು ಹೋದಳು.

ಹೋಗುವ ಮುಂಚೆ ಈ ಯೋಚನೆ ಎಲ್ಲಿಂದ ಬಂತು ಅಂತ ಹೇಳಿದ್ದಳು. ಅಮೆರಿಕದ ಬರ್ಕ್ಲಿಯಲ್ಲಿ ಡೊನಾಲ್ಡ್ ಮ್ಯಾಕಿನನ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. 1950ರ ದಶಕದ ಕೊನೆಯಲ್ಲಿ ಅವರೂ ಅವರ ಜೊತೆಯವರೂ ಸೇರಿ ಆ ದೇಶದ ಹೆಸರಾಂತ ಆರ್ಕಿಟೆಕ್ಟ್‌ಗಳನ್ನು ಕರೆಸಿಕೊಂಡರು. ಶನಿವಾರ ಭಾನುವಾರ ಅಲ್ಲೇ ಉಳಿಸಿಕೊಂಡು, ಮಾತಾಡಿಸಿ, ಥರಾವರಿ ಪರೀಕ್ಷೆ ಕೊಟ್ಟು ನೋಡಿದರು. ಹಾಗೆ ಬಂದವರು 40 ಜನ. ಈರೋ ಸಾರಿನೆನ್, ಫಿಲಿಪ್ ಜಾನ್ಸನ್ ಅವರಂಥ ದೊಡ್ಡ ಹೆಸರುಗಳು ಅದರಲ್ಲಿದ್ದವು. ಹೋಲಿಸಿ ನೋಡಲು ಇನ್ನೂ ಎರಡು ಗುಂಪು ಮಾಡಿಕೊಂಡರು. ಒಂದು, ಇಂಥ ದೊಡ್ಡವರ ಜೊತೆ ಒಂದಷ್ಟು ಕಾಲ ಕೆಲಸ ಮಾಡಿದ್ದವರು. ಇನ್ನೊಂದು, ಅವರ ಸಂಪರ್ಕವೇ ಇಲ್ಲದೆ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದವರು. ಒಟ್ಟು 124 ಜನ. 300 ಗುಣಪದಗಳ ಪಟ್ಟಿಯಲ್ಲಿ ತಮಗೆ ಹೊಂದುವುದನ್ನು ಆರಿಸಿ ಅಂತ ಹೇಳಿದರು.

ಆ 40 ಜನ ಜಾಸ್ತಿ ಆರಿಸಿಕೊಂಡಿದ್ದು ಇಂಥ ಪದಗಳನ್ನು: ಹೊಸದನ್ನು ಹುಟ್ಟಿಸುವವನು, ಛಲಗಾರ, ಸ್ವತಂತ್ರ, ತನ್ನದೇ ದಾರಿಯವನು, ಉತ್ಸಾಹಿ, ದುಡಿಯುವವನು. ಮೂರನೇ ಗುಂಪಿನವರು, ಅಂದರೆ ಯಾರ ಬಾಯಲ್ಲೂ ಹೆಸರಿಲ್ಲದ ಆರ್ಕಿಟೆಕ್ಟ್‌ಗಳು, ಆರಿಸಿಕೊಂಡಿದ್ದು ಇವನ್ನು: ಜವಾಬ್ದಾರಿಯುಳ್ಳವನು, ಪ್ರಾಮಾಣಿಕ, ನಂಬಿಕಸ್ಥ, ಸ್ಪಷ್ಟವಾಗಿ ಯೋಚಿಸುವವನು, ಸಹನೆಯುಳ್ಳವನು, ಬೇರೆಯವರನ್ನು ಅರ್ಥ ಮಾಡಿಕೊಳ್ಳುವವನು.

ರಾತ್ರಿ ಮನೆಯಲ್ಲಿ ಕೂತು ಇದನ್ನು ಯೋಚಿಸಿದಾಗ ನನಗೆ ಸಂಕಟವಾಯಿತು. ನಾನು ಈ ಕೆಲಸಕ್ಕೆ ಬಂದು 25 ವರ್ಷ ಆಯಿತು. ಪುಸ್ತಕದ ಮುಖಪುಟ, ನಾಟಕದ ಪೋಸ್ಟರ್, ಅಂಗಡಿ ಬೋರ್ಡ್, ಮದುವೆ ಕಾಗದ, ಏನು ಬಂದರೂ ಮಾಡಿದ್ದೇನೆ. ಪ್ರಕಾಶಕರು ನನ್ನ ಬಗ್ಗೆ ಹೇಳುವ ಮಾತು ಒಂದೇ. "ಅವರಿಗೆ ಕೊಟ್ಟರೆ ಕೆಲಸ ಆದ ಹಾಗೇ." ಅಂದರೆ ನಂಬಿಕಸ್ಥೆ. ಅಂದರೆ ಮೂರನೇ ಗುಂಪು.

ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಆ 40 ಜನರೂ ಗಂಡಸರು. ತಮ್ಮದೇ ದಾರಿಯಲ್ಲಿ ನಡೆಯಲು ಅವರಿಗೆ ಸಾಧ್ಯವಾಗಿದ್ದು ಹೇಗೆ? ಅವರ ಆಫೀಸಿನಲ್ಲಿ ಯಾರೋ ಒಬ್ಬರು ರಾತ್ರಿ ಕೂತು ನಕ್ಷೆಯ ಅಳತೆಗಳನ್ನು ಇನ್ನೊಂದು ಸಲ ಲೆಕ್ಕ ಹಾಕುತ್ತಿದ್ದರು. ಮನೆಯಲ್ಲಿ ಯಾರೋ ಊಟ ಮುಚ್ಚಿಟ್ಟು ಕಾಯುತ್ತಿದ್ದರು. ಆ ಜನರ ಕೈಗೆ ಈ ಪಟ್ಟಿ ಕೊಟ್ಟಿದ್ದರೆ ಅವರು ಯಾವ ಪದ ಆರಿಸುತ್ತಿದ್ದರೋ!

ಆದರೆ ಆ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದು ನನ್ನನ್ನು ವಾರವೆಲ್ಲ ಬಿಡಲಿಲ್ಲ. ಮೂರನೇ ಗುಂಪಿನವರು ತಮ್ಮ ಕೆಲಸವನ್ನು ಅಳೆಯುತ್ತಿದ್ದದ್ದು ವೃತ್ತಿಯವರು ಒಪ್ಪಿದ ಅಳತೆಗೋಲಿನಿಂದ. ಆ 40 ಜನರ ಅಳತೆಗೋಲು ಅವರ ಒಳಗೇ ಇತ್ತು. ಸರಿ ಅನ್ನಬೇಕಾದವರು ಅವರೇ, ತಪ್ಪು ಅನ್ನಬೇಕಾದವರೂ ಅವರೇ. ಇದನ್ನು ಓದಿದಾಗ ನನಗೆ ಆರ್ಕಿಟೆಕ್ಟ್‌ಗಳು ಯಾರೂ ನೆನಪಾಗಲಿಲ್ಲ. ಕಾಟನ್‌ಪೇಟೆಯಲ್ಲಿ ಬೋರ್ಡ್ ಬರೆಯುತ್ತಿದ್ದ ಒಬ್ಬರು ನೆನಪಾದರು.

1999ನೇ ಇಸವಿ. ನಾನು ಚಿತ್ರಕಲಾ ಪರಿಷತ್ತಿನಲ್ಲಿ ಓದುತ್ತಿದ್ದೆ. ಆಗಿನ್ನೂ ಫ್ಲೆಕ್ಸ್ ಎಲ್ಲ ಕಡೆ ಬಂದಿರಲಿಲ್ಲ. ಅಕ್ಷರ ಬರೆಯುವುದನ್ನು ಕಲಿಯಬೇಕು ಅನ್ನುವ ಆಸೆಯಿಂದ ಮಧ್ಯಾಹ್ನ ಬಸ್ಸು ಹತ್ತಿ ಕಾಟನ್‌ಪೇಟೆಗೆ ಹೋಗುತ್ತಿದ್ದೆ. ಅವರು ಏಣಿ ಮೇಲೆ ನಿಂತು ಬರೆಯುತ್ತಿದ್ದರು, ನಾನು ಕೆಳಗೆ ಬಣ್ಣದ ಡಬ್ಬ ಹಿಡಿದು ನಿಲ್ಲುತ್ತಿದ್ದೆ. ವಯಸ್ಸು ಐವತ್ತೈದರ ಮೇಲೆ. ಎಲ್ಲರೂ ಯಜಮಾನ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಒಂದು ದಿನ ಪಾತ್ರೆ ಅಂಗಡಿಯ ಬೋರ್ಡು. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎಳೆದು ಬಿಟ್ಟು, ಮೇಲೊಂದು ಕೆಳಗೊಂದು ಗೆರೆ ಹೊಡೆದರು. ಹಳದಿ ಮೇಲೆ ಕೆಂಪು ಎನಾಮೆಲ್. ಸಂಜೆ ಐದರ ಹೊತ್ತಿಗೆ 'ಪಾತ್ರೆ ಅಂಗಡಿ' ಅಂತ ಬರೆದು ಮುಗಿಸಿದರು. ಕೆಳಗಿಳಿದು, ಬೀಡಿ ಹಚ್ಚಿ, ರಸ್ತೆ ದಾಟಿ ಆಚೆ ಹೋಗಿ ನಿಂತರು. ಅದು ಅವರ ಪದ್ಧತಿ. "ಬೋರ್ಡ್ ಬರೆಯೋದು ಏಣಿ ಮೇಲಿಂದ. ಜನ ನೋಡೋದು ಇಲ್ಲಿಂದ" ಅನ್ನುತ್ತಿದ್ದರು.

ನಾನೂ ಹೋಗಿ ಪಕ್ಕದಲ್ಲಿ ನಿಂತೆ. ನನ್ನ ಕಣ್ಣಿಗೆ ತುಂಬ ಚೆನ್ನಾಗಿ ಕಂಡಿತು. ಅವರು ಬೀಡಿ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಯಾಕೋ ಸರಿ ಬರ್ತಿಲ್ಲ ಕಣಮ್ಮ" ಅಂದರು.

ಅಂಗಡಿಯವರು ಹೊರಗೆ ಬಂದು ನೋಡಿದರು. "ಚೆನ್ನಾಗೇ ಇದೆ ಬಿಡಿ ಯಜಮಾನ್ರೇ, ದುಡ್ಡು ತಗೊಳ್ಳಿ" ಅಂದರು. ಯಜಮಾನ್ರು ದುಡ್ಡಿಗೆ ಕೈ ಚಾಚಲಿಲ್ಲ. ಇನ್ನೊಂದು ಬೀಡಿ ಹಚ್ಚಿದರು. ಎರಡು ಬಸ್ಸು, ಒಂದು ಎತ್ತಿನ ಗಾಡಿ ನಮ್ಮ ಮುಂದೆ ಹಾದು ಹೋದವು. ಆಗ ಅವರಿಗೆ ಹೊಳೆಯಿತು. "ಸೊನ್ನೆಗೂ ಗ-ಕ್ಕೂ ಮಧ್ಯೆ ಗಾಳಿ ಜಾಸ್ತಿ ಆಗಿದೆ, ನೋಡು."

ನೋಡಿದೆ. ನಿಜ! ಅಳತೆಯಲ್ಲಿ ಎಲ್ಲ ಅಕ್ಷರಗಳ ನಡುವೆ ಒಂದೇ ಅಂತರ ಇಟ್ಟಿದ್ದರು. ಆದರೆ ಸೊನ್ನೆ ದುಂಡಗಿದೆ, ಗ ಕೆಳಗೆ ತೆರೆದುಕೊಂಡಿದೆ. ಎರಡರ ಖಾಲಿಯೂ ಸೇರಿ ಅಲ್ಲೊಂದು ಗುಂಡಿ ಬಿದ್ದ ಹಾಗೆ ಕಾಣುತ್ತಿತ್ತು. 'ಅಂಗಡಿ' ಅನ್ನುವ ಒಂದೇ ಪದ 'ಅಂ' ಮತ್ತು 'ಗಡಿ' ಅಂತ ಎರಡಾಗಿ ನಿಂತಿತ್ತು. ಒಮ್ಮೆ ಕಂಡ ಮೇಲೆ ಬೇರೇನೂ ಕಾಣುತ್ತಲೇ ಇರಲಿಲ್ಲ. ಅವರು ಮತ್ತೆ ಏಣಿ ಹತ್ತಿ, ಬಣ್ಣ ಒಣಗುವ ಮುಂಚೆ ಸೀಮೆಎಣ್ಣೆ ಬಟ್ಟೆಯಲ್ಲಿ ಮೂರು ಅಕ್ಷರ ಒರೆಸಿ, ಮತ್ತೆ ಬರೆದರು. ಕತ್ತಲಾಯಿತು. ಅಂಗಡಿಯವರು ಹೊರಗೆ ಲೈಟ್ ಹಾಕಿ ಕೊಟ್ಟರು.

"ಅವರು ಒಪ್ಪಿದ್ರಲ್ಲಾ, ಯಾಕೆ ಮತ್ತೆ ಬರೆದ್ರಿ?" ಅಂತ ಕೇಳಿದೆ. "ಅವರು ನಾಳೆಯಿಂದ ಬೋರ್ಡಿನ ಒಳಗಡೆ ಕೂತಿರ್ತಾರಮ್ಮ. ನಾನು ಬಸ್ಸಲ್ಲಿ ಹೋಗ್ತಾ ದಿನಾ ನೋಡ್ಬೇಕಲ್ಲ" ಅಂದರು.

ಕನ್ನಡದ ಅಕ್ಷರಗಳ ಜೊತೆ ಕೆಲಸ ಮಾಡುವವರಿಗೆ ಈ 'ಸರಿ ಬರ್ತಿಲ್ಲ' ಅನ್ನುವುದು ದಿನದ ಮಾತು. ಇಂಗ್ಲಿಷಿನ ದೊಡ್ಡಕ್ಷರದ ಸಾಲು ಒಂದೇ ಅಂತಸ್ತಿನ ಮನೆಯ ಹಾಗೆ. ಕನ್ನಡಕ್ಕೆ ಮೂರು ಅಂತಸ್ತು ಬೇಕು. ಮೇಲೆ ತಲೆಕಟ್ಟು, ಗುಡಿಸು, ಏತ್ವ. ನಡುವೆ ಅಕ್ಷರದ ಒಡಲು. ಕೆಳಗೆ ಒತ್ತು. 'ರಾಷ್ಟ್ರ' ಅಂತ ಬರೆದರೆ ಷ-ದ ಕೆಳಗೆ ಟ-ದ ಒತ್ತು ಬರಬೇಕು, ಅದರ ಜೊತೆಗೇ ರ-ದ ಒತ್ತೂ ಬರಬೇಕು. ಇಂಗ್ಲಿಷಿಗೆ ಅಂತ ಇಟ್ಟ ಸಾಲಿನ ಅಂತರದಲ್ಲೇ ಕನ್ನಡ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡೂ ಭಾಷೆಯ ಪೋಸ್ಟರ್ ಮಾಡಿಸುವವರು "ಎರಡೂ ಒಂದೇ ಸೈಜ್ ಇರಲಿ" ಅನ್ನುತ್ತಾರೆ. ಅಳತೆಯಲ್ಲಿ ಒಂದೇ ಸೈಜ್ ಇಟ್ಟರೆ ಕನ್ನಡ ಎಷ್ಟೋ ಸಲ ಚಿಕ್ಕದಾಗಿ, ಇಕ್ಕಟ್ಟಿನಲ್ಲಿ ನಿಂತ ಹಾಗೆ ಕಾಣುತ್ತದೆ. ಇದನ್ನು ಪ್ರತಿ ಸಲವೂ ಹೊಸದಾಗಿ ವಿವರಿಸಬೇಕು. ನನಗೆ ಬೇಜಾರಿಲ್ಲ, ವಿವರಿಸುತ್ತೇನೆ.

2024ರಲ್ಲಿ ಅಂಗಡಿ ಬೋರ್ಡಿನ ಶೇಕಡ 60 ಭಾಗ ಕನ್ನಡದಲ್ಲಿರಬೇಕು ಎಂಬ ಕಾನೂನು ಬಂದಾಗ ಬೆಂಗಳೂರಿನ ತುಂಬ ಬೋರ್ಡ್ ಬದಲಾಯಿಸುವ ಗಡಿಬಿಡಿ. ನನಗೆ ತುಂಬ ಸಂತೋಷವಾಗಿತ್ತು. ಆದರೆ ರಸ್ತೆಯಲ್ಲಿ ಹೋಗುವಾಗ ನೋಡಿದರೆ ಎಷ್ಟೋ ಕಡೆ ಅಕ್ಷರಗಳನ್ನು ರಬ್ಬರಿನ ಹಾಗೆ ಅಡ್ಡಡ್ಡ ಎಳೆದು ಜಾಗ ತುಂಬಿಸಿದ್ದರು. ಒತ್ತು ಬೋರ್ಡಿನ ಅಂಚಿನಲ್ಲಿ ಕತ್ತರಿಸಿ ಹೋಗಿತ್ತು. ಯಾರೂ ರಸ್ತೆ ದಾಟಿ ನಿಂತು ನೋಡಿರಲಿಲ್ಲ. ನನ್ನ ಪಾಲಿಗೆ ಬಂದ ನಾಲ್ಕೈದು ಬೋರ್ಡುಗಳನ್ನು ಮಾತ್ರ ನಾನು ರಸ್ತೆ ದಾಟಿ ನೋಡಿಯೇ ಕೊಟ್ಟೆ.

ಹೀಗೆ ಬರೆಯುತ್ತಾ ಹೋದರೆ ಈ ಗುಣ ನನ್ನಲ್ಲಿ ಮೊದಲಿಂದ ಇತ್ತು ಅನ್ನಿಸಬಹುದು. ಇರಲಿಲ್ಲ. ಅದು ಬಂದಿದ್ದು ಒಂದು ತಪ್ಪಿನಿಂದ.

ಏಳೆಂಟು ವರ್ಷದ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಜೀವನದ ನೆನಪುಗಳನ್ನು ಪುಸ್ತಕ ಮಾಡಬೇಕು ಅಂತ ಬಂದರು. ತ್ಯಾಗರಾಜನಗರದಲ್ಲಿ ಮನೆ. ಪೆನ್ಷನ್ ದುಡ್ಡಿನಲ್ಲಿ ತಾವೇ ಅಚ್ಚು ಹಾಕಿಸುವುದು, 300 ಪ್ರತಿ. ಹೆಂಡತಿ ತೀರಿಕೊಂಡು ಎರಡು ವರ್ಷ ಆಗಿತ್ತು. ಪುಸ್ತಕದಲ್ಲಿ ಅರ್ಧಕ್ಕಿಂತ ಜಾಸ್ತಿ ಅವರ ಬಗ್ಗೆಯೇ ಇತ್ತು.

ಬರಹವನ್ನು ಅವರು ಎಂದೋ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು, ಹಳೆಯ ಕಾಲದ ಫಾಂಟಿನಲ್ಲಿ. ಅದನ್ನು ನಾನು ಯೂನಿಕೋಡಿಗೆ, ಅಂದರೆ ಈಗ ಕಂಪ್ಯೂಟರುಗಳು ಅಕ್ಷರ ಇಟ್ಟುಕೊಳ್ಳುವ ಸಾಮಾನ್ಯ ಪದ್ಧತಿಗೆ, ಬದಲಾಯಿಸಿಕೊಂಡೆ. ಇದರಲ್ಲಿ ಒಂದು ತೊಡಕಿದೆ. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ ಕೂತಿರುತ್ತದೆ, ಅಕ್ಷರ ಆದ ಮೇಲೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ, ಮೊದಲು ರ್, ಆಮೇಲೆ ಅಕ್ಷರ. ಬದಲಾಯಿಸುವ ತಂತ್ರಾಂಶ ಈ ಎರಡರ ಜಾಗವನ್ನು ಅದಲು ಬದಲು ಮಾಡಿಕೊಡಬೇಕು. ಕೆಲವು ಸಲ ಮಾಡುವುದಿಲ್ಲ. ಆಗ 'ಸೂರ್ಯ' ಹೋಗಿ 'ಸೂಯರ್' ಆಗುತ್ತದೆ. ಇಂಥವು ಕಣ್ಣಿಗೆ ಹೊಡೆಯುತ್ತವೆ, ಕರಡು ತಿದ್ದುವಾಗ ಸಿಕ್ಕಿಬಿಡುತ್ತವೆ. ಪುಸ್ತಕದ ಕರಡನ್ನು ಮೇಷ್ಟ್ರೇ ಎರಡು ಸಲ ತಿದ್ದಿದರು. ಅವರ ಕಣ್ಣು ತುಂಬ ಚುರುಕು.

ಅರ್ಪಣೆಯ ಪುಟ ಮಾತ್ರ ಕೊನೆಯಲ್ಲಿ ಬಂತು, ಬೇರೆ ಫೈಲಿನಲ್ಲಿ. ಮೇಲೆ 'ಅರ್ಪಣೆ' ಅನ್ನುವ ತಲೆಬರಹ, ಕೆಳಗೆ 'ನನ್ನ ಹೆಂಡತಿಗೆ' ಅಂತ ಒಂದು ಸಾಲು. ಅಷ್ಟೇ. ಬೆಳಿಗ್ಗೆ ಪ್ರೆಸ್ಸಿಗೆ ಕಳಿಸಬೇಕಿತ್ತು. ರಾತ್ರಿ ಹನ್ನೊಂದೂವರೆಗೆ ಆ ಪುಟ ಕೂರಿಸಿ ನೋಡಿದೆ. ಯಾಕೋ ಸರಿ ಬರ್ತಿಲ್ಲ ಅನ್ನಿಸಿತು. ಸ್ಪಷ್ಟವಾಗಿ ಅನ್ನಿಸಿತು. ತಲೆಬರಹಕ್ಕೂ ಸಾಲಿಗೂ ಮಧ್ಯೆ ಜಾಗ ಕಡಿಮೆ ಆಗಿದೆ ಅಂದುಕೊಂಡು ಸ್ವಲ್ಪ ಜಾಸ್ತಿ ಮಾಡಿದೆ. ಇನ್ನೂ ಏನೋ ಉಳಿದಿತ್ತು. ಅಕ್ಷರದ ಗಾತ್ರ ಅರ್ಧ ಪಾಯಿಂಟ್ ಇಳಿಸಿದೆ. ಇನ್ನೂ ಉಳಿದಿತ್ತು. ಕಣ್ಣು ಉರಿಯುತ್ತಿತ್ತು. ಸಾಕು ಅಂತ ಕಳಿಸಿಬಿಟ್ಟೆ.

ಪುಸ್ತಕ ಬಿಡುಗಡೆಯ ದಿನ ಮೇಷ್ಟ್ರು ವೇದಿಕೆಯ ಮೇಲೆ ಪ್ರತಿ ಬಿಚ್ಚಿ ಮೊದಲು ಆ ಪುಟವನ್ನೇ ನೋಡಿದರು. ಸ್ವಲ್ಪ ಹೊತ್ತು ನೋಡಿ ಮುಚ್ಚಿದರು. ಏನೂ ಹೇಳಲಿಲ್ಲ. ಕಾರ್ಯಕ್ರಮ ಮುಗಿದು ಎಲ್ಲರೂ ಉಪ್ಪಿಟ್ಟು ತಿನ್ನುವಾಗ ಅವರ ಸಂಬಂಧಿಕರೊಬ್ಬರು ಕೇಳಿದ್ದು ನನ್ನ ಕಿವಿಗೆ ಬಿತ್ತು. "ಅಪರ್ಣೆ ಅಂತ ಯಾಕೆ ಹಾಕಿದೀರ? ಅತ್ತಿಗೆ ಹೆಸರು ಅದಲ್ಲವಲ್ಲ?"

ನನ್ನ ಕೈಕಾಲು ತಣ್ಣಗಾಯಿತು. ಅರ್ಕಾವೊತ್ತು ಪ-ವನ್ನು ಬಿಟ್ಟು ಮುಂದಿನ ಣೆ-ಗೆ ಜರುಗಿತ್ತು. 'ಅರ್ಪಣೆ' ಹೋಗಿ 'ಅಪರ್ಣೆ' ಆಗಿತ್ತು. 'ಸೂಯರ್' ಥರ ಅರ್ಥವಿಲ್ಲದ ಪದ ಆಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ನಿಜವಾದ ಪದ, ಹೆಂಗಸಿನ ಹೆಸರು. ಹೆಂಡತಿಗೆ ಅಂತ ಇರುವ ಪುಟದಲ್ಲಿ ಆ ಹೆಸರು ಸಹಜವಾಗಿಯೇ ಕೂತಿತ್ತು. ಅದಕ್ಕೇ ಪ್ರೆಸ್ಸಿನಲ್ಲೂ ಯಾರಿಗೂ ಗೊತ್ತಾಗಲಿಲ್ಲ.

ಮೇಷ್ಟ್ರ ಹತ್ತಿರ ಹೋಗಿ ನಿಂತೆ. ಏನು ಹೇಳಬೇಕೋ ತಿಳಿಯಲಿಲ್ಲ. ಅವರೇ ಹೇಳಿದರು. "ಇರಲಿ ಬಿಡಮ್ಮ. ಪಾರ್ವತಿಯ ಹೆಸರೇ ತಾನೆ. ತಪಸ್ಸಿಗೆ ಕೂತಾಗ ಎಲೆ ತಿನ್ನೋದನ್ನೂ ಬಿಟ್ಟವಳು, ಅದಕ್ಕೆ ಅಪರ್ಣೆ. ನಮ್ಮನೆಯವಳೂ ಸಂಬಳ ಸಾಲದ ದಿನಗಳಲ್ಲಿ ಊಟ ಆಯ್ತು ಅಂತ ಸುಳ್ಳು ಹೇಳಿ ನಮಗೆ ಬಡಿಸಿದ್ದಾಳೆ."

ಅವರು ಬೈದಿದ್ದರೆ ಚೆನ್ನಾಗಿತ್ತು.

ಆ ಪುಟವನ್ನು ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿ ಅಂಟಿಸಿ ಕೊಡುತ್ತೇನೆ ಅಂದೆ, ಒಪ್ಪಲಿಲ್ಲ. ಕೊನೆಗೆ ಕೈಯಲ್ಲೇ ತಿದ್ದೋಣ ಅಂದರು. ಮೂರು ಭಾನುವಾರ ಅವರ ಮನೆಗೆ ಹೋದೆ. ಹಂಚಿ ಹೋದವು ಬಿಟ್ಟು ಉಳಿದಿದ್ದು 210 ಪ್ರತಿ. ನಾನು ಅರ್ಧ ಬ್ಲೇಡಿನಲ್ಲಿ ಣೆ-ಯ ಮುಂದಿನ ಅರ್ಕಾವೊತ್ತನ್ನು ಕಾಗದ ಹರಿಯದ ಹಾಗೆ ಮೆಲ್ಲಗೆ ಕೆರೆಯುತ್ತಿದ್ದೆ. ಅವರು ಕಪ್ಪು ಇಂಕಿನ ಪೆನ್ನಿನಲ್ಲಿ ಪ-ಕ್ಕೂ ಣೆ-ಗೂ ಮಧ್ಯೆ ಹೊಸ ಅರ್ಕಾವೊತ್ತು ಬರೆಯುತ್ತಿದ್ದರು. ಅಲ್ಲಿ ಜಾಗ ಸಾಲದು. ಅದಕ್ಕೆ ಸ್ವಲ್ಪ ಮೇಲಕ್ಕೆ ಶುರು ಮಾಡಿ, ಸಣ್ಣದೊಂದು ಬಾಲ ಎಳೆದು ನಿಲ್ಲಿಸುತ್ತಿದ್ದರು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಕೈ. 210 ಸಲವೂ ಅದು ಒಂದೇ ಥರ ಬಂತು.

ಆ ಭಾನುವಾರಗಳಲ್ಲಿ ಬ್ಲೇಡ್ ಹಿಡಿದು ಕೂತಾಗ ನನಗೆ ಒಂದು ವಿಷಯ ಗೊತ್ತಾಯಿತು. ಆ ರಾತ್ರಿ ನನ್ನ ಕಣ್ಣು ತಪ್ಪು ಮಾಡಿರಲಿಲ್ಲ. ಸರಿ ಬರ್ತಿಲ್ಲ ಅಂತ ಅದು ಮೂರು ಸಲ ಹೇಳಿತ್ತು. ನಾನು ಅಲ್ಲಿಗೇ ನಿಲ್ಲಿಸಿದೆ. ಯಜಮಾನ್ರು ಎರಡನೇ ಬೀಡಿ ಹಚ್ಚಿದ್ದು ಯಾಕೆ ಅಂತ ಅರ್ಥವಾಗಲು ನನಗೆ ಇಷ್ಟು ವರ್ಷ ಬೇಕಾಯಿತು. ಅವರ 'ಯಾಕೋ' ಆ ಎರಡನೇ ಬೀಡಿಯಲ್ಲಿ 'ಯಾಕೆ' ಆಯಿತು. ನನ್ನ 'ಯಾಕೋ' 'ಯಾಕೋ' ಆಗಿಯೇ ಪ್ರೆಸ್ಸಿಗೆ ಹೋಯಿತು. ಅನ್ನಿಸುವುದು ಎಲ್ಲರಿಗೂ ಅನ್ನಿಸುತ್ತದೆ. ಅಂಗಡಿಯವರನ್ನೂ ರಸ್ತೆ ಆಚೆ ನಿಲ್ಲಿಸಿ ಎರಡು ನಿಮಿಷ ಕೊಟ್ಟಿದ್ದರೆ ಅವರಿಗೂ ಅನ್ನಿಸುತ್ತಿತ್ತೋ ಏನೋ. ಅನ್ನಿಸಿದ ಮೇಲೆ ಅದು ಬಾಯಿ ಬಿಡುವವರೆಗೂ ಅದರ ಜೊತೆ ಕೂರುವುದಿದೆಯಲ್ಲ, ಅದು ಕಷ್ಟ. ಆ ಹೊತ್ತಿನಲ್ಲಿ ಸುಸ್ತಾಗಿರುತ್ತದೆ, ನಿದ್ದೆ ಬರುತ್ತಿರುತ್ತದೆ, ಒಪ್ಪಿಕೊಳ್ಳಬೇಕಾದವರು ಆಗಲೇ ಒಪ್ಪಿರುತ್ತಾರೆ. ಎಂಟು ವರ್ಷದಿಂದ ನಾನು ಕೂರುತ್ತಿದ್ದೇನೆ. ಇದನ್ನು ಹೇಳಲು ಈಗ ನನಗೆ ನಾಚಿಕೆ ಇಲ್ಲ.

ಹಾಳೆ ಮೇಜಿನ ಮೇಲಿದ್ದ ಆ ವಾರ ಸಿಕ್ಕ ಸ್ನೇಹಿತರನ್ನೆಲ್ಲ ಇದೇ ಪ್ರಶ್ನೆ ಕೇಳಿದೆ. ಚಿತ್ರ ಬರೆಯುವ ಗೆಳತಿ "ಹಠ" ಅಂದಳು. ಆರ್. ಕೆ. ಲಕ್ಷ್ಮಣ್ ಅವರ ಉದಾಹರಣೆ ಕೊಟ್ಟಳು. ಮೈಸೂರಿನ ಹುಡುಗನಿಗೆ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಸೀಟು ಸಿಗದೆ ಹೋದರೂ ಅವರು ಬರೆಯುವುದು ಬಿಡಲಿಲ್ಲ ಅಂತ. ನಿಜ. ಆದರೆ ಲಕ್ಷ್ಮಣ್ ಅಂದರೆ ನನಗೆ ನೆನಪಾಗುವುದು ಅವರ ಕಾಗೆಗಳು. ಚಿಕ್ಕಂದಿನಿಂದ ಮುಪ್ಪಿನವರೆಗೂ ಕಾಗೆ ಬರೆದರು. ಬರೆದ ಕಾಗೆಯನ್ನೇ ಮತ್ತೆ ಬರೆಯುವ ಮನುಷ್ಯನಿಗೆ ಹಿಂದಿನ ಕಾಗೆ ಪೂರ್ತಿ ಸರಿ ಬಂದಿಲ್ಲ ಅಂತ ಅನ್ನಿಸಿರಬೇಕು ಅಲ್ವಾ?

ಕಸ್ತೂರ್ಬಾ ರಸ್ತೆಯ ಗ್ಯಾಲರಿಯಲ್ಲಿ ಕಾಲೇಜು ದಿನಗಳಲ್ಲಿ ನೋಡಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳೂ ನೆನಪಾದವು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಚಿತ್ರ ಕಲಿತು ಬಂದವರು, ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತರು. ಆ ಚಿತ್ರಗಳ ಮುಂದೆ ನಿಂತು, ಮಂಜು ಎಲ್ಲಿ ಮುಗಿದು ಬೆಟ್ಟ ಎಲ್ಲಿ ಶುರುವಾಗುತ್ತದೆ ಅಂತ ಹುಡುಕುತ್ತಿದ್ದೆ. ಗೆರೆ ಸಿಗುತ್ತಿರಲಿಲ್ಲ. ಹಾಗೆ ನೋಡಬೇಕಾದರೆ ಅವರು ಆ ಬೆಟ್ಟದ ಮುಂದೆ ಎಷ್ಟು ಹೊತ್ತು ಕೂತಿದ್ದರೋ.

ನಾಟಕಕ್ಕೆ ಬೆಳಕು ಮಾಡುವ ನನ್ನ ಸ್ನೇಹಿತನ ಉತ್ತರ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಜೆ. ಪಿ. ನಗರದ ರಂಗಶಂಕರದ ಎದುರು ಕೂತು ಕಾಫಿ ಕುಡಿಯುತ್ತಿದ್ದೆವು. ಶಂಕರ್ ನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಕಟ್ಟಿದ ರಂಗಮಂದಿರ, ಶುರುವಾಗಿದ್ದು 2004ರಲ್ಲಿ. ಅಲ್ಲಿ ಸಂಜೆಯ ನಾಟಕ ಅಂದರೆ 7.30. ತಡವಾಗಿ ಬಂದವರಿಗೆ ಬಾಗಿಲು ತೆಗೆಯುವುದಿಲ್ಲ, ಅದು ಬೆಂಗಳೂರಿನ ನಾಟಕದವರಿಗೆಲ್ಲ ಗೊತ್ತು. "ನನಗೂ ದಿನಾ ಅನ್ನಿಸುತ್ತೆ ಕಣೇ, ಸರಿ ಬರ್ತಿಲ್ಲ ಅಂತ" ಅಂದ ಅವನು. "ಮೂರನೇ ದೃಶ್ಯದಲ್ಲಿ ಅವಳ ಮುಖದ ಮೇಲೆ ಹಳದಿ ಜಾಸ್ತಿ, ಇನ್ನೊಂದು ಸಲ ಏಣಿ ಹತ್ತಿ ಫಿಲ್ಟರ್ ಬದಲಾಯಿಸಬೇಕು ಅಂತ. ಆದರೆ ಮೂರನೇ ಬೆಲ್ ಆಗುತ್ತೆ, ನಾಟಕ ಶುರುವಾಗಲೇಬೇಕು. ಆಗ ಏಣಿ ಇಳಿದು ಬರ್ತೀನಲ್ಲ, ನನ್ನಲ್ಲಿ ನನಗೆ ಇಷ್ಟವಾಗೋದು ಅದು."

ಅವನ ಮಾತಿನಲ್ಲಿ ಸತ್ಯವಿದೆ. ಸರಿ ಬರ್ತಿಲ್ಲ ಅನ್ನುತ್ತಲೇ ಹನ್ನೆರಡು ವರ್ಷದಿಂದ ಒಂದು ಚಿತ್ರಕಥೆಯನ್ನು ಕೈಯಿಂದ ಬಿಡದಿರುವ ಗೆಳೆಯರೊಬ್ಬರನ್ನು ನಾನು ಬಲ್ಲೆ. ತುಂಬ ಪ್ರತಿಭೆಯಿರುವ ಮನುಷ್ಯ. ಅವರ ಕೆಲಸವನ್ನು ಯಾರೂ ನೋಡಿಲ್ಲ. ಒಳಗಿನ ಅಳತೆಗೋಲು ಮಾತ್ರ ಇಟ್ಟುಕೊಂಡರೆ ಹೀಗೂ ಆಗುತ್ತದೆ. ಮೂರನೇ ಗುಂಪಿನ ಆರ್ಕಿಟೆಕ್ಟ್‌ಗಳ ಬಗ್ಗೆ ನನಗಿದ್ದ ಸಂಕಟ ಕರಗಿದ್ದು ಅವತ್ತು ಸಂಜೆ. ಹೇಳಿದ ದಿನ ಕೆಲಸ ಕೊಡುವುದೂ ಒಂದು ಗುಣವೇ. ಮೇಷ್ಟ್ರಿಗೆ ಬಿಡುಗಡೆಯ ದಿನ ಪುಸ್ತಕ ಕೈಯಲ್ಲಿರಬೇಕಿತ್ತು, ಅದು ಅವರ ಹೆಂಡತಿ ಹುಟ್ಟಿದ ದಿನ. ಪುಟ ಸರಿಯಾಗಿರಬೇಕಿತ್ತು, ಪುಸ್ತಕ ಆ ದಿನ ಬರಬೇಕಿತ್ತು. ಎರಡೂ ಬೇಕಿತ್ತು. ಅದಕ್ಕೆ ಈಗ ನಾನು ಕೊನೆಯ ಪುಟಗಳನ್ನು ರಾತ್ರಿ ಮುಟ್ಟುವುದಿಲ್ಲ. ಒಂದು ದಿನ ಮೊದಲೇ ಮುಗಿಸಿ, ಬೆಳಿಗ್ಗೆ ಎದ್ದು, ಗಟ್ಟಿಯಾಗಿ ಓದುತ್ತೇನೆ. ನೋಡುವ ಕಣ್ಣು ಓದುವುದಿಲ್ಲ. ಬಾಯಲ್ಲಿ 'ಅಪರ್ಣೆ' ಅಂತ ಒಂದು ಸಲ ಅಂದಿದ್ದರೂ ಆ ರಾತ್ರಿ ಸಿಕ್ಕಿಬಿಡುತ್ತಿತ್ತು.

ವಾರ ಆದ ಮೇಲೆ ಹುಡುಗಿ ಫೋನ್ ಮಾಡಿದಳು. ಹಾಳೆಯಲ್ಲಿ ಒಂದಕ್ಕೇ ಟಿಕ್ ಹಾಕಿದ್ದೇನೆ, ನಂಬಿಕಸ್ಥ ಅನ್ನುವುದಕ್ಕೆ, ಅಂದೆ. ಕೆಳಗೆ ಖಾಲಿ ಜಾಗದಲ್ಲಿ ಕೈಯಲ್ಲಿ ಒಂದು ಸಾಲು ಬರೆದಿದ್ದೆ, ಅದನ್ನೂ ಓದಿ ಹೇಳಿದೆ: 'ಯಾಕೋ ಸರಿ ಬರ್ತಿಲ್ಲ ಅನ್ನಿಸಿದಾಗ ಯಾಕೆ ಅಂತ ಗೊತ್ತಾಗುವವರೆಗೂ ಕೂರುವುದು.'

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೇಡಂ, ಇದು ಒಂದು ಪದ ಅಲ್ವಲ್ಲಾ, ಎಕ್ಸೆಲ್‌ನಲ್ಲಿ ಯಾವ ಕಾಲಮ್ಮಿಗೆ ಹಾಕ್ಲಿ?" ಅಂದಳು. ಹೊಸ ಕಾಲಮ್ ಮಾಡಮ್ಮ ಅಂದೆ.

ಮೇಷ್ಟ್ರ ಪುಸ್ತಕದ ಒಂದು ಪ್ರತಿ ನನ್ನ ಮೇಜಿನ ಮೇಲೆಯೇ ಇರುತ್ತದೆ, ಅವರು ತಿದ್ದಿ ಕೊಟ್ಟಿದ್ದು. ಈಗ ಒಂದು ಕವನ ಸಂಕಲನದ ಮುಖಪುಟ ಮಾಡುತ್ತಿದ್ದೇನೆ. ಹೆಸರಿನಲ್ಲಿ ಒಂದು ಅರ್ಕಾವೊತ್ತು ಬರುತ್ತದೆ. ಪಕ್ಕದ ಅಕ್ಷರ ಅಗಲ, ಜಾಗ ಸಾಲದು. ಮೇಷ್ಟ್ರ ಹಾಗೆ ಸ್ವಲ್ಪ ಮೇಲಕ್ಕೆ ಶುರು ಮಾಡಿ, ಸಣ್ಣ ಬಾಲ ಎಳೆದು ನೋಡಿದೆ. ಪ್ರಿಂಟ್ ತೆಗೆದು ಎದುರಿನ ಗೋಡೆಗೆ ಅಂಟಿಸಿ, ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಬಾಲ ಚೆನ್ನಾಗಿದೆ. ಆದರೆ ಕೊನೆಯ ಎರಡು ಅಕ್ಷರಗಳ ಹತ್ತಿರ ಇನ್ನೂ ಏನೋ ಇದೆ. ಪ್ರೆಸ್ಸಿಗೆ ಕೊಡಬೇಕಾಗಿರುವುದು ಗುರುವಾರ. ಇವತ್ತು ಮಂಗಳವಾರ.